ಹದಿನೆಂಟನೇ ಸಾಲಿನ ಆಮಂತ್ರಣ

ನಮ್ಮ ನೀರು ಸರಬರಾಜು ಕಚೇರಿಯಲ್ಲಿ ಅವನನ್ನು ಎಲ್ಲರೂ ಗೊತ್ತಾಯ್ತಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಬೇರೆ ಏನೋ ಹೆಸರು ಇಟ್ಟಿರಬೇಕು, ಅದು ಹಾಜರಿ ಪುಸ್ತಕ ಬಿಟ್ಟು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಯಾರು ಏನನ್ನೇ ವಿವರಿಸಲು ಬಾಯಿ ತೆರೆದರೂ, ವಾಕ್ಯ ಅರ್ಧ ದಾರಿ ಮುಟ್ಟುವ ಮೊದಲೇ ಅವನು ತಲೆಯಾಡಿಸಿ "ಗೊತ್ತಾಯ್ತು, ಗೊತ್ತಾಯ್ತು" ಅನ್ನುತ್ತಿದ್ದ. ಬೆಂಕಿ ಆರಿಸುವ ಹೊಸ ಸಿಲಿಂಡರನ್ನು ಹೇಗೆ ಬಳಸಬಾರದು ಎಂದು ತೋರಿಸಲು ಕಂಪನಿಯವರು ಬಂದಾಗ, ಅವರ ಕೈಯಿಂದ ಅರ್ಧ ಮಾತಿಗೇ ಅದನ್ನು ಇಸಿದುಕೊಂಡು, ಹೇಗೆ ಬಳಸಬಾರದೋ ಹಾಗೆಯೇ ಬಳಸಿ ತೋರಿಸಿದವನು ಅವನು. ಲೆಕ್ಕಪತ್ರ ವಿಭಾಗ ಎರಡು ದಿನ ಬೆಳ್ಳಗಿತ್ತು.

ನಾನು ಅದೇ ಕಚೇರಿಯ ರವಾನೆ ವಿಭಾಗದವನು. ಕಾಗದವನ್ನು ಲಕೋಟೆಗೆ ಹಾಕುವುದು, ಅಂಟಿಸುವುದು, ಮೊಹರು ಒತ್ತಿ ಕಳಿಸುವುದು ನನ್ನ ಕೆಲಸ. ಒಳಗಿನ ಕಾಗದ ಓದುವುದು ನನ್ನ ಕೆಲಸವಲ್ಲ. ಇಪ್ಪತ್ತಾರು ವರ್ಷದಿಂದ ಈ ತತ್ವಕ್ಕೆ ಚ್ಯುತಿ ಬಂದಿಲ್ಲ. "ನೀವು ಅವತ್ತು ಒಂದೇ ಒಂದು ಕಾರ್ಡು ಓದಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ" ಎಂದು ನಮ್ಮ ಉಪನಿರ್ದೇಶಕರು ಈಗಲೂ ನನ್ನನ್ನು ದೂರುತ್ತಾರೆ. ದೂರಲಿ. ಓದುವವರು ಬೇಕಿದ್ದರೆ ಓದುವವರನ್ನು ನೇಮಿಸಿಕೊಳ್ಳಬೇಕಿತ್ತು.

ಗೊತ್ತಾಯ್ತಪ್ಪ ಹನ್ನೊಂದು ವರ್ಷದಿಂದ ಹಂಗಾಮಿ ನೌಕರ. ಆರು ತಿಂಗಳಿಗೊಮ್ಮೆ ಅವನ ನೌಕರಿ ಮುಗಿಯುತ್ತಿತ್ತು, ಮರುದಿನ ಮತ್ತೆ ಶುರುವಾಗುತ್ತಿತ್ತು. ಆ ನಡುವಿನ ಒಂದು ರಾತ್ರಿ ಅವನು ನಿರುದ್ಯೋಗಿ. ಇದನ್ನು ಅವನು ಹೇಗೋ ತಡೆದುಕೊಂಡಿದ್ದ. ತಡೆಯಲಾಗದೆ ಇದ್ದದ್ದು ಮಾವನನ್ನು. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಆ ಹಿರಿಯರು, ಮಗಳು ತಾನೇ ಮೆಚ್ಚಿ ಮದುವೆಯಾದ ಈ ಮನುಷ್ಯನನ್ನು ಒಂದು ದಿನವೂ ಅಳಿಯ ಎಂದು ಕರೆದವರಲ್ಲ. ಮಗಳಿಗೆ ಫೋನ್ ಮಾಡಿ "ಏನಮ್ಮ, ಹಂಗಾಮಿ ಮನೇಲಿದ್ದಾನಾ?" ಎಂದು ಕೇಳುತ್ತಿದ್ದರು. ಅವನ ಎದುರಿಗೂ ಅದೇ ಹೆಸರು. ಹೆಂಡತಿ ಎಷ್ಟೋ ಸಲ ಅಪ್ಪನ ಜೊತೆ ಜಗಳವಾಡಿದ್ದಳು. "ಆದೇಶ ತೋರಿಸಲಿ, ಕರೀತೀನಿ" ಎನ್ನುವುದು ಅವರ ಒಂದೇ ಉತ್ತರ.

ಅಂಥ ಆದೇಶ ಕೊನೆಗೂ ಕೈಗೆಟಕುವಷ್ಟು ಹತ್ತಿರ ಬಂದದ್ದು ಕಚೇರಿಗೆ ಐವತ್ತು ವರ್ಷ ತುಂಬಿದಾಗ. ಸಮಾರಂಭಕ್ಕೆ ಮುನ್ನೂರ ಹನ್ನೆರಡು ಅತಿಥಿಗಳು. ಹೊಸದಾಗಿ ಆಯ್ಕೆಯಾದ ಮೇಯರ್ ಮುಖ್ಯ ಅತಿಥಿ. ಪ್ರತಿಯೊಬ್ಬರ ಆಮಂತ್ರಣದ ಮೇಲೂ ಅವರ ಸಾಲಿನ ಸಂಖ್ಯೆ ಅಚ್ಚಾಗಬೇಕು, ಅದು ಕಂಪ್ಯೂಟರಿನಲ್ಲೇ ಆಗಬೇಕು ಎಂದು ನಿರ್ದೇಶಕರು ತೀರ್ಮಾನಿಸಿದರು. ಗೊತ್ತಾಯ್ತಪ್ಪನನ್ನು ಕೋಣೆಗೆ ಕರೆಸಿದರು. ನಾನು ಅಂಚೆ ಕೊಡಲು ಅಲ್ಲೇ ನಿಂತಿದ್ದೆ.

"ಇದು ಸುಸೂತ್ರವಾಗಿ ಆದ್ರೆ ನಿಮ್ಮ ಕಾಯಂ ಕಡತಕ್ಕೆ ಸಹಿ ಹಾಕ್ತೀನಿ. ಎಲ್ಲಾದರೂ ಎಡವಿದ್ರೆ, ಮುಂದಿನ ಆರು ತಿಂಗಳ ಆದೇಶವೂ ಇರಲ್ಲ. ತಿಳೀತಾ?"

ಏನು ಅಂದನೆಂದು ಬೇರೆ ಹೇಳಬೇಕಿಲ್ಲ.

ಆ ಕೆಲಸ ಅಲ್ಲಿಯವರೆಗೆ ನೋಡಿಕೊಳ್ಳುತ್ತಿದ್ದವರು ಕಂಪ್ಯೂಟರ್ ಮೇಡಂ. ಅವರಿಗೆ ಬೇರೆ ಕಚೇರಿಗೆ ವರ್ಗವಾಗಿತ್ತು. ಮೇಜಿನ ಸಾಮಾನನ್ನು ಪೆಟ್ಟಿಗೆಗೆ ತುಂಬುತ್ತಲೇ ಅವರು ಗೊತ್ತಾಯ್ತಪ್ಪನಿಗೆ ಪಾಠ ಹೇಳಿದರು. ಒಂದು ಕಡೆ ಅತಿಥಿಗಳ ಪಟ್ಟಿ, ಇನ್ನೊಂದು ಕಡೆ ನಿಯಮಗಳ ಹಾಳೆ. ಹಾಳೆಯನ್ನು ಬರೆಯುವ ಭಾಷೆಗೆ ಎಕ್ಸ್‌ಎಸ್‌ಎಲ್‌ಟಿ ಎಂದು ಹೆಸರು. ಒಂದೊಂದು ನಿಯಮವೂ 'ಇಂಥ ಅತಿಥಿ ಸಿಕ್ಕರೆ ಇಂಥ ಕಾರ್ಡು ಅಚ್ಚು ಮಾಡು' ಎನ್ನುವಂತಿರುತ್ತದೆ.

"ಗಮನ ಇಟ್ಟು ಕೇಳಿ," ಎಂದರು ಮೇಡಂ. "ಕಂಪ್ಯೂಟರು ನಿಯಮ ಹಿಡ್ಕೊಂಡು ಜನರನ್ನ ಹುಡುಕಿಕೊಂಡು ಹೋಗಲ್ಲ. ಜನರ ಪಟ್ಟಿ ಹಿಡ್ಕೊಂಡು, ಒಬ್ಬೊಬ್ಬರ ಮುಂದೆ ನಿಂತು, ಇವರಿಗೆ ಯಾವ ನಿಯಮ ಹೊಂದುತ್ತೆ ಅಂತ ನೋಡುತ್ತೆ. ಒಬ್ಬರಿಗೆ ಒಂದೇ ನಿಯಮ."

"ಗೊತ್ತಾಯ್ತು."

"ಎರಡನೇದು. ಎಲ್ಲರಿಗೂ ಹೊಂದೋ ಸಾಮಾನ್ಯ ನಿಯಮ, ಕೆಲವರಿಗೆ ಮಾತ್ರ ಹೊಂದೋ ವಿಶೇಷ ನಿಯಮ, ಎರಡೂ ಇದ್ರೆ ವಿಶೇಷದ್ದೇ ಗೆಲ್ಲುತ್ತೆ. ಹಾಳೆಯಲ್ಲಿ ಅದನ್ನ ಎಲ್ಲಿ ಬರೆದಿದ್ರೂ ಸರಿ."

"ಗೊತ್ತಾಯ್ತು, ಗೊತ್ತಾಯ್ತು."

"ಮೂರನೇದೇ ಮುಖ್ಯ. ಒಬ್ಬ ಅತಿಥಿಗೆ ಎರಡೆರಡು ವಿಶೇಷ ನಿಯಮ ಹೊಂದಿಬಿಟ್ರೆ, ಆಗ..."

ಆಗ ಮಾವನ ಫೋನ್ ಬಂತು. ಮಾವನಿಗೂ ಆಮಂತ್ರಣ ಉಂಟೋ ಇಲ್ಲವೋ, ಉಂಟಾದರೆ ಎಷ್ಟನೇ ಸಾಲು ಎಂಬ ವಿಚಾರಣೆ. ಗೊತ್ತಾಯ್ತಪ್ಪ ಎದೆಯುಬ್ಬಿಸಿ "ನೌಕರರ ಬಂಧುಗಳಿಗೆ ಮೂರನೇ ಸಾಲು ಮಾವ, ನಾನೇ ಬರೀತಿರೋದು" ಎಂದ. ಆ ಕಡೆಯಿಂದ "ನೋಡೋಣ ಹಂಗಾಮಿ" ಎಂದು ಬಂತು. ಅವನು ಫೋನ್ ಇಟ್ಟು ತಿರುಗುವಷ್ಟರಲ್ಲಿ ಮೇಡಂ ಪೆಟ್ಟಿಗೆ ಎತ್ತಿಕೊಂಡು ಬಾಗಿಲಲ್ಲಿದ್ದರು.

"ಆ ಮೂರನೇದು ಹೇಳಲಾ?"

"ಗೊತ್ತಾಯ್ತು ಮೇಡಂ, ನೀವು ಹೊರಡಿ, ಬಸ್ಸು ತಪ್ಪುತ್ತೆ."

ಮೂರನೆಯದನ್ನು ಅವನು ತಾನೇ ತುಂಬಿಕೊಂಡ. ಕಚೇರಿಯ ಸುತ್ತೋಲೆಗಳನ್ನು ಹನ್ನೊಂದು ವರ್ಷ ನೋಡಿದವನಿಗೆ ಅದೇನು ಕಷ್ಟವಲ್ಲ. ಮೇಲಿರುವುದು ದೊಡ್ಡದು, ಕೆಳಗಿರುವುದು ಚಿಕ್ಕದು. ಎರಡು ನಿಯಮ ಹೊಂದಿದರೆ ಮೇಲಿನದೇ ನಡೆಯಬೇಕು. ಬೇರೆ ರೀತಿ ನಡೆಯುವ ಕಚೇರಿಯನ್ನು ಅವನಾಗಲಿ ನಾನಾಗಲಿ ಕಂಡಿರಲಿಲ್ಲ.

ಮೊದಲ ಪರೀಕ್ಷೆಗೆ ನಿರ್ದೇಶಕರ ಕಾರ್ಡನ್ನೇ ತೆಗೆದ. ಸಾಲು ಒಂದು ಎಂದು ಚೆನ್ನಾಗಿ ಬಂತು, ಆದರೆ ಅದರ ಕೆಳಗೆ ನಿರ್ದೇಶಕರ ಹುಟ್ಟಿದ ದಿನ, ಮನೆಯ ಫೋನು, 'ಬೆನ್ನು ನೋವಿದೆ, ಒರಗುವ ಕುರ್ಚಿ ಬೇಕು' ಎಂಬ ಟಿಪ್ಪಣಿ ಎಲ್ಲವೂ ಸಾಲಾಗಿ ಅಚ್ಚಾಗಿತ್ತು. ಯಾವುದಕ್ಕೆ ನಿಯಮವೇ ಇಲ್ಲವೋ ಅದನ್ನು ಕಂಪ್ಯೂಟರು ಇದ್ದದ್ದು ಇದ್ದಂತೆ ಹೊರಗೆ ಹಾಕುತ್ತದೆಯಂತೆ. ಗೊತ್ತಾಯ್ತಪ್ಪ ಅರ್ಧ ದಿನ ಕೂತು ಮೇಡಂ ಬಿಟ್ಟುಹೋದ ಪುಸ್ತಕ ತಿರುವಿ, ಅವುಗಳಿಗೆಂದೇ 'ಏನೂ ಮಾಡಬೇಡ' ಎಂಬ ಖಾಲಿ ನಿಯಮ ಬರೆದ. ಏನೂ ಮಾಡಬೇಡ ಎಂಬ ನಿಯಮ ನಮ್ಮ ಕಚೇರಿಗೆ ಹೊಸದಲ್ಲವಾದರೂ ಕಂಪ್ಯೂಟರಿಗೆ ಹೊಸದು. ಕಾರ್ಡು ಶುದ್ಧವಾಗಿ ಬಂತು. ಅಲ್ಲಿಂದ ಅವನ ಆತ್ಮವಿಶ್ವಾಸಕ್ಕೆ ಯಾವ ಮಿತಿಯೂ ಉಳಿಯಲಿಲ್ಲ.

ಹಾಳೆಯಲ್ಲಿ ಮೇಲೆ ಬರೆದದ್ದು ಮೇಲು ಎಂಬ ಸುದ್ದಿ ಕಚೇರಿಯಲ್ಲಿ ಒಂದೇ ಮಧ್ಯಾಹ್ನದಲ್ಲಿ ಹರಡಿತು. ಮೊದಲು ಬಂದವರು ಉಪನಿರ್ದೇಶಕರು. ಕನ್ನಡಕ ಏರಿಸಿ ಪರದೆ ನೋಡಿದರು.

"ಇದೇನ್ರೀ, ಅಧಿಕಾರಿಗಳ ನಿಯಮ ನಾಲ್ಕನೇದಾಗಿದೆ? ನಿವೃತ್ತರದ್ದು ಎರಡನೇದು? ಕೆಲಸ ಬಿಟ್ಟು ಹೋದವರು ಮೇಲೆ, ಕೆಲಸ ಮಾಡೋವ್ರು ಕೆಳಗಾ?"

ಗೊತ್ತಾಯ್ತಪ್ಪ ಅಧಿಕಾರಿಗಳನ್ನು ಮೇಲೆ ತಂದ. ಸಂಜೆಗೆ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು ಬಂದು, ಅಧಿಕಾರಿ ಅಂದರೆ ಎಲ್ಲರೂ ಒಂದೇ ಅಲ್ಲ, ಲೆಕ್ಕದವರಿಗೆ ಬೇರೆಯೇ ನಿಯಮ ಬೇಕು, ಅದು ಮೇಲಿರಬೇಕು ಎಂದರು. ಮರುದಿನ ಪಂಪ್ ವಿಭಾಗದವರು ತಮ್ಮ ಮೇಜಿನ ಫ್ಯಾನನ್ನೇ ತಂದು ಅವನ ಮೇಜಿನ ಮೇಲಿಟ್ಟು, ನೀರು ಎತ್ತುವವರಿಲ್ಲದೆ ನೀರಿನ ಕಚೇರಿಯೇ ಎಂದು ಕೇಳಿದರು. ಒಂದು ವಾರ ಆ ಹಾಳೆ ಏಣಿಯಾಯಿತು. ಬೆಳಿಗ್ಗೆ ಹತ್ತಿದವರನ್ನು ಮಧ್ಯಾಹ್ನ ಇಳಿಸುತ್ತಿದ್ದರು. ಗೊತ್ತಾಯ್ತಪ್ಪ ಫ್ಯಾನಿನ ಗಾಳಿಗೆ ಕೂದಲು ಹಾರಿಸಿಕೊಂಡು, ಯಾರು ಬಂದರೂ "ಮೇಲೆ ಹಾಕಿದೀನಿ ಸಾರ್" ಅನ್ನುತ್ತಿದ್ದ.

ಕೊನೆಯಲ್ಲಿ ನಿರ್ದೇಶಕರು ಒಂದು ನಿಯಮ ಸೇರಿಸಿದರು.

"ನೀರು ಬರಲ್ಲ, ವಾಸನೆ ಬರುತ್ತೆ ಅಂತ ದೂರು ಕೊಡೋ ಜನ ಇರ್ತಾರಲ್ಲ, ಅಂಥೋರು ಯಾರಾದರೂ ಪಟ್ಟಿಯಲ್ಲಿದ್ರೆ ಅವರನ್ನ ಮೈಕಿನಿಂದ ದೂರ ಇಡಿ. ಹದಿನೆಂಟನೇ ಸಾಲು."

ಹದಿನೆಂಟು ನಮ್ಮ ಸಭಾಂಗಣದ ಕೊನೆಯ ಸಾಲು. ಅದರ ಬೆನ್ನಿಗೇ ಜನರೇಟರ್. ಅದು ಶುರುವಾದರೆ ಅಲ್ಲಿ ಕೂತವರಿಗೆ ಭಾಷಣ ಕೇಳಿಸದು, ಅವರ ಮಾತು ಬೇರೆ ಯಾರಿಗೂ ಕೇಳಿಸದು. ದೂರು ವಿಭಾಗದವರು ಹದಿನೈದು ವರ್ಷದ ದೂರು ಪುಸ್ತಕಗಳನ್ನು ಕೆಳಗಿಳಿಸಿ, ಅತಿಥಿಗಳಲ್ಲಿ ಯಾರು ಎಂದಾದರೂ ದೂರು ಕೊಟ್ಟಿದ್ದರೋ ಅವರ ಹೆಸರಿಗೆ ಒಂದು ಗುರುತು ಹಾಕಿಕೊಟ್ಟರು. ಆ ಪುಸ್ತಕಗಳನ್ನು ಯಾರಾದರೂ ತೆರೆದು ನೋಡಿದ್ದು ಅದೇ ಮೊದಲು. ಎಷ್ಟು ಗುರುತು ಬಿದ್ದವು ಎಂದು ಎಣಿಸುವುದು ಯಾರ ಕೆಲಸವೂ ಆಗಿರಲಿಲ್ಲ.

ದೂರಿನವರ ನಿಯಮವನ್ನು ಗೊತ್ತಾಯ್ತಪ್ಪ ಎಲ್ಲಕ್ಕಿಂತ ಕೆಳಗೆ ಬರೆದ. ಬೇಕಾದವರನ್ನೆಲ್ಲ ಮೇಲಿನ ನಿಯಮಗಳು ಎತ್ತಿಕೊಂಡ ಮೇಲೆ, ಉಳಿದ ನಾಲ್ಕಾರು ಜಗಳಗಂಟರು ಮಾತ್ರ ಅಲ್ಲಿಗೆ ಬೀಳಲಿ ಎಂಬುದು ಅವನ ಲೆಕ್ಕ. ನಿರ್ದೇಶಕರ ಕಾರ್ಡನ್ನು ಇನ್ನೊಮ್ಮೆ ಪರೀಕ್ಷಿಸಿದ. ಸಾಲು ಒಂದು. ಮುನ್ನೂರ ಹನ್ನೆರಡೂ ಅಚ್ಚಾದವು. ಕಟ್ಟು ನನ್ನ ಮೇಜಿಗೆ ಬಂತು, ನಾನು ತತ್ವಕ್ಕೆ ಬದ್ಧನಾಗಿ ಲಕೋಟೆಗೆ ಹಾಕಿ ಅಂಟಿಸಿದೆ.

ಮೂರನೆಯ ದಿನ ಮಾವ ಫೋನ್ ಮಾಡಿದರು.

"ಹಂಗಾಮಿ, ನನ್ನ ಕಾರ್ಡಲ್ಲಿ ಸಾಲು ಹದಿನೆಂಟು ಅಂತ ಇದೆ."

"ಹೌದಾ ಮಾವ?"

"ನೀನು ಮೂರು ಅಂದಿದ್ದೆ."

ಗೊತ್ತಾಯ್ತಪ್ಪ ಹಾಳೆ ತೆಗೆದು ನೋಡಿದ. ಬಂಧುಗಳ ನಿಯಮ ಮೇಲೆಯೇ ಇತ್ತು. ನಿಯಮ ಮೇಲಿದೆ ಅಂದಮೇಲೆ ಕಾರ್ಡು ತಪ್ಪಿರಲು ಸಾಧ್ಯವಿಲ್ಲ. ಕಾರ್ಡು ತಪ್ಪಿಲ್ಲ ಅಂದಮೇಲೆ ಹದಿನೆಂಟನೇ ಸಾಲು ಮುಂದೆಯೇ ಇರಬೇಕು. ಇಷ್ಟು ಯೋಚಿಸಲು ಅವನಿಗೆ ಎರಡು ಸೆಕೆಂಡು ಹಿಡಿಯಿತು. ಮೈಕಿನಿಂದ ದೂರ ಎಂದು ನಿರ್ದೇಶಕರು ಹೇಳಿದಾಗಲೂ ಅವನು ಅರ್ಧಕ್ಕೇ ಗೊತ್ತಾಯ್ತು ಅಂದವನು, ಸಂಖ್ಯೆಯೊಂದೇ ತಲೆಯಲ್ಲಿ ಉಳಿದಿತ್ತು.

"ನಮ್ಮ ಸಭಾಂಗಣದಲ್ಲಿ ಬಾಗಿಲ ಕಡೆಯಿಂದ ಎಣಿಸ್ತಾರೆ ಮಾವ. ಹದಿನೆಂಟು ಅಂದ್ರೆ ವೇದಿಕೆಗೆ ತಾಗಿಕೊಂಡೇ ಇರುತ್ತೆ."

ಇದು ಸುಳ್ಳಲ್ಲ ಎಂದು ನಾನು ಎಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತೇನೆ. ಸುಳ್ಳು ಹೇಳಬೇಕಾದರೆ ಮನುಷ್ಯನಿಗೆ ನಿಜ ಏನೆಂದು ಗೊತ್ತಿರಬೇಕು.

ಅವನ ಮನೆಯ ಮೇಲ್ಮಹಡಿಯಲ್ಲಿದ್ದ ದಂತವೈದ್ಯೆ, ಎದುರು ಮನೆಯ ಡ್ರೈವಿಂಗ್ ಶಾಲೆಯವರು, ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಕಾರ್ಡು ಹಿಡಿದು ಬಂದರು. ಇಬ್ಬರಿಗೂ ಹದಿನೆಂಟು. ಇಬ್ಬರಿಗೂ ಅದೇ ಉತ್ತರ ಸಿಕ್ಕಿತು. ಇಬ್ಬರೂ ತಮಗೊಬ್ಬರಿಗೇ ಈ ಭಾಗ್ಯ ಎಂದು ತಿಳಿದು, ಅಕ್ಕಪಕ್ಕದವರ ಕಣ್ಣು ಬೀಳದಿರಲಿ ಎಂದು ಕಾರ್ಡನ್ನು ಬೀರುವಿನಲ್ಲಿ ಬಚ್ಚಿಟ್ಟರು.

"ಏನ್ರೀ, ಅಪ್ಪನಿಗೂ ಹದಿನೆಂಟು, ಇವರಿಬ್ಬರಿಗೂ ಹದಿನೆಂಟಾ?" ಎಂದು ಹೆಂಡತಿ ಕೇಳಿದಳಂತೆ.

"ಮೂವರೂ ಬೇಕಾದವರೇ ಅಲ್ವಾ?"

"ನಂಗ್ಯಾಕೋ ಭಯ ಆಗ್ತಿದೆ. ಅಪ್ಪ ಹೊಸ ಕೋಟು ಹೊಲಿಸಿಕೊಂಡಿದಾರೆ. ಅವರ ಮುಂದೆ ನಿಮ್ಮ ಮರ್ಯಾದೆ ಹೋದ್ರೆ ನಾನು ತಡ್ಕೊಳಲ್ಲ ಕಣ್ರೀ."

"ನಿಯಮ ಮೇಲಿದೆ ಕಣೇ" ಎಂದು ಅವನು ಹೇಳಿ ಮಲಗಿದ. ಅವಳಿಗೆ ನಿದ್ದೆ ಬರಲಿಲ್ಲ.

ಕಚೇರಿಯಲ್ಲೂ ಹಾಗೆಯೇ ಆಯಿತು. ಉಪನಿರ್ದೇಶಕರು ಹದಿನೆಂಟರ ಕಾರ್ಡು ಹಿಡಿದು ಕೆಂಪಗಾಗಿ ಬಂದವರು, ಬಾಗಿಲಿನ ಲೆಕ್ಕ ಕೇಳಿ ತಣ್ಣಗಾಗಿ ಹೋದರು. ಹೋದವರು ಸುಮ್ಮನಿರದೆ, ಅದು ತಮಗೆ ಮೊದಲೇ ತಿಳಿದಿತ್ತು ಎಂಬಂತೆ ಲೆಕ್ಕಪತ್ರದವರಿಗೆ ಹೇಳಿದರು. ಅವರು ಪಂಪ್ ವಿಭಾಗಕ್ಕೆ ಹೇಳಿದರು. ಶುಕ್ರವಾರದ ಹೊತ್ತಿಗೆ, ಸಭಾಂಗಣ ಕಟ್ಟಿದಾಗಿನಿಂದಲೂ ಬಾಗಿಲಿಂದಲೇ ಎಣಿಸುವುದು ಎಂದು ಕಟ್ಟಿದಾಗ ಹುಟ್ಟಿಯೇ ಇರದಿದ್ದವರೂ ಹೇಳುತ್ತಿದ್ದರು. ನಿರ್ದೇಶಕರನ್ನು ಬಿಟ್ಟರೆ ನಿಜ ಬಲ್ಲವನು ಸಭಾಂಗಣದ ಕಾವಲುಗಾರ ಒಬ್ಬನೇ. ಅವನನ್ನು ಯಾರೂ ಕೇಳಲಿಲ್ಲ.

ಆ ಕಾವಲುಗಾರನ ಬಗ್ಗೆ ಒಂದು ಮಾತು. ಅವನು ಮೊದಲು ಸೈನ್ಯದಲ್ಲಿದ್ದವನು. 'ಕಾರ್ಡಿನಲ್ಲಿರುವ ಸಾಲಿನಲ್ಲಿ ಮಾತ್ರ ಕೂರಿಸತಕ್ಕದ್ದು' ಎಂದು ನಿರ್ದೇಶಕರು ಅವನಿಗೆ ಬರವಣಿಗೆಯಲ್ಲಿ ಕೊಟ್ಟಿದ್ದರು. ಆ ಕಾಗದವನ್ನು ಅವನು ಮಡಚಿ ಎದೆಯ ಜೇಬಿನಲ್ಲಿಟ್ಟುಕೊಂಡಿದ್ದ.

ಸಮಾರಂಭದ ದಿನ ನಾನು ಬೇಗನೇ ಹೋಗಿದ್ದೆ. ನನ್ನ ಕಾರ್ಡೂ ಹದಿನೆಂಟೇ. ಎಂಟು ವರ್ಷದ ಹಿಂದೆ ನಮ್ಮ ಬೀದಿಯ ಪೈಪು ಒಡೆದದ್ದಕ್ಕೆ ನಾನೂ ಒಂದು ಚೀಟಿ ಬರೆದಿದ್ದೆ. ಕಾವಲುಗಾರ ಬೆರಳು ತೋರಿಸಿದ ಕಡೆ ಹೋಗಿ ಜನರೇಟರಿನ ಮುಂದೆ ಕೂತೆ. ಆಮೇಲೆ ದಂತವೈದ್ಯೆ ಬಂದರು. ಡ್ರೈವಿಂಗ್ ಶಾಲೆಯವರು ಬಂದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಾಚಿಕೊಂಡರು. ನಿವೃತ್ತರು ಬಂದರು, ಲೆಕ್ಕಪತ್ರದವರು ಸಂಸಾರ ಸಮೇತ ಬಂದರು. ಇಪ್ಪತ್ತು ಕುರ್ಚಿ ತುಂಬಿದವು. ಜನ ಬರುತ್ತಲೇ ಇದ್ದರು. ಎಲ್ಲರ ಕೈಯಲ್ಲೂ ಹದಿನೆಂಟು. ಇಡೀ ಊರಿನಲ್ಲಿ ನಮ್ಮ ನೀರಿನ ಬಗ್ಗೆ ಒಮ್ಮೆಯೂ ದೂರು ಕೊಡದವರು ಇರಲೇ ಇಲ್ಲ ಎಂಬುದು ಅಂದು ನಮಗೇ ತಿಳಿದದ್ದು. ಮುಂದಿನ ಹದಿನೇಳು ಸಾಲು ಬಣಬಣ ಎನ್ನುತ್ತಿದ್ದವು, ಹಿಂದೆ ಮುನ್ನೂರು ಜನ ಒಬ್ಬರ ಕಾಲ ಮೇಲೆ ಒಬ್ಬರು ನಿಂತಿದ್ದರು.

"ಮುಂದೆ ಅಷ್ಟು ಖಾಲಿ ಇದೆಯಲ್ಲಪ್ಪ" ಎಂದರು ಉಪನಿರ್ದೇಶಕರು.

"ಕಾರ್ಡು ತೋರಿಸಿ ಸಾರ್. ಹದಿನೆಂಟು. ಹಿಂದಕ್ಕೆ."

"ನಾನು ವೇದಿಕೆ ಮೇಲೆ ಕೂರೋವ್ನು ಕಣಯ್ಯ."

"ಕಾರ್ಡಲ್ಲಿ ವೇದಿಕೆ ಅಂತ ಇಲ್ಲ ಸಾರ್."

ಮೊದಲ ಸಾಲಿನ ಸೋಫಾದಲ್ಲಿ ಒಬ್ಬನೇ ಒಬ್ಬ ಕೂತಿದ್ದ. ಕಚೇರಿಯ ಹಿಂದಿನ ಬೀದಿಯ ಲಾಂಡ್ರಿ ಮಾಲೀಕ. ನಿರ್ದೇಶಕರ ಕೋಟುಗಳನ್ನು ತೊಳೆಯುವವನಾದ್ದರಿಂದ ಗಣ್ಯರ ಪಟ್ಟಿಗೆ ಸೇರಿದ್ದ. ಹದಿನಾಲ್ಕು ವರ್ಷದಲ್ಲಿ ಅವನು ನೀರಿನ ಬಗ್ಗೆ ಒಂದು ದೂರನ್ನೂ ಕೊಟ್ಟಿರಲಿಲ್ಲ. ಅಕ್ಕಪಕ್ಕ ನೋಡುತ್ತ, ಕಾಲು ಕೂಡಿಸಿಕೊಂಡು, ಬೆವರುತ್ತಿದ್ದ.

ಮಾವ ಹೊಸ ಕೋಟಿನಲ್ಲಿ ಮಗಳ ಜೊತೆ ಬಂದರು. ಕಾವಲುಗಾರ ಹಿಂದಕ್ಕೆ ಬೆರಳು ತೋರಿಸಿದ. ಅವರು ಖಾಲಿ ಮುಂಭಾಗವನ್ನು ನೋಡಿದರು, ತುಂಬಿದ ಹಿಂಭಾಗವನ್ನು ನೋಡಿದರು, ಗೊತ್ತಾಯ್ತಪ್ಪನನ್ನು ನೋಡಿದರು. ಹೋಗಿ ಗೋಡೆಗೆ ಒರಗಿ ನಿಂತರು. ಅವರು ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಅವನ ಹೆಂಡತಿ ತಲೆ ತಗ್ಗಿಸಿದಳು.

ಆಗ ಜನರ ನಡುವಿನಿಂದ ಕಂಪ್ಯೂಟರ್ ಮೇಡಂ ನುಗ್ಗಿ ಬಂದರು. ಅವರೂ ಹದಿನೆಂಟೇ.

"ದೂರಿನ ನಿಯಮ ಎಲ್ಲಿ ಬರೆದ್ರಿ?"

"ಎಲ್ಲಕ್ಕಿಂತ ಕೆಳಗೆ ಮೇಡಂ. ಮೇಲಿನವರೆಲ್ಲ ಆದಮೇಲೆ ಉಳಿದವರಿಗೆ..."

"ಅದೇ ರೀ ಮೂರನೇದು. ಎರಡು ವಿಶೇಷ ನಿಯಮ ಸಮಸಮ ಹೊಂದಿದ್ರೆ ಕಂಪ್ಯೂಟರು ಕೊನೇಲಿ ಬರೆದಿದ್ದನ್ನ ಹಿಡಿಯುತ್ತೆ. ಮೇಯರ್ ಆಗಿರಲಿ, ನಿವೃತ್ತರಾಗಿರಲಿ, ನಿಮ್ಮ ಮಾವನೇ ಆಗಿರಲಿ, ಒಂದು ಸಲ ದೂರು ಕೊಟ್ಟಿದ್ರೆ ಮುಗೀತು, ಎಲ್ಲರೂ ಅಲ್ಲಿಗೇ. ಕೆಳಗೆ ಬರೆದಿದ್ದೇ ಗೆಲ್ಲೋದು."

ಗೊತ್ತಾಯ್ತಪ್ಪ ಬಾಯಿ ತೆರೆದ. "ಇನ್ನೊಮ್ಮೆ ಹೇಳಿ ಮೇಡಂ" ಎಂದ.

ವೇದಿಕೆಯ ಮೇಲೆ ನಿರ್ದೇಶಕರು ಒಬ್ಬರೇ ಕೂತು ಗಡಿಯಾರ ನೋಡುತ್ತಿದ್ದರು. ಮೇಯರ್ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು, ಜನರೇಟರ್ ಗುಡುಗಿತು. ಹಿಂದಿದ್ದವರೆಲ್ಲ ಕಿವಿ ಮುಚ್ಚಿಕೊಂಡರು. ನಿರ್ದೇಶಕರು ಮೈಕು ಹಿಡಿದು, ಬಂದಷ್ಟಕ್ಕೆ ಶುರು ಮಾಡೋಣ ಎಂದು ಐವತ್ತು ವರ್ಷದ ಸಾಧನೆ ಹೇಳತೊಡಗಿದರು. ಗ್ರಾಹಕರ ತೃಪ್ತಿಯೇ ನಮ್ಮ ಗುರಿ ಎನ್ನುತ್ತಿದ್ದಂತೆ ಲಾಂಡ್ರಿ ಮಾಲೀಕ ಒಬ್ಬನೇ ಚಪ್ಪಾಳೆ ತಟ್ಟಿದ.

ಮಾವನ ಪಕ್ಕದಲ್ಲಿ ಸಾದಾ ಶರಟಿನ ಮಧ್ಯವಯಸ್ಕರೊಬ್ಬರು ಗೋಡೆಗೆ ಒರಗಿದ್ದರು. ಅವರು ಏನೋ ಕೇಳಿದರು. ಮಾವ ಅವರ ಕಿವಿಗೆ ಬಾಯಿ ಹಚ್ಚಿ ಕೂಗಿ ಉತ್ತರ ಕೊಡುತ್ತಿದ್ದರು. ಹತ್ತು ನಿಮಿಷ ಹೀಗೇ ನಡೆಯಿತು. ಜನರೇಟರಿನ ಸದ್ದಿಗೆ ಒಂದಕ್ಷರವೂ ಬೇರೆಯವರಿಗೆ ಕೇಳಿಸುತ್ತಿರಲಿಲ್ಲ. ಕರೆಂಟು ಬಂತು. ಜನರೇಟರ್ ಗಪ್ಪೆಂದು ನಿಂತಿತು. ಆ ನಿಶ್ಶಬ್ದದಲ್ಲಿ, ಮೂವತ್ತು ವರ್ಷ ಕೋರ್ಟಿನಲ್ಲಿ ಹೆಸರು ಕೂಗಿ ಪಳಗಿದ ಗಂಟಲು ಇಡೀ ಸಭಾಂಗಣಕ್ಕೆ ಕೇಳಿಸಿತು.

"ನಲ್ಲಿ ಹಾಳಾಗಿ ಹೋಗಲಿ ಬಿಡಿ. ನನ್ನ ಅಳಿಯ ಹನ್ನೊಂದು ವರ್ಷದಿಂದ ಇವರಿಗೆ ದುಡೀತಿದಾನೆ, ಇನ್ನೂ ಹಂಗಾಮಿ. ಆ ಕಡತ ಅಲ್ಲೇ ಕೊಳೀತಿದೆ. ನಾನು ಕೋರ್ಟಲ್ಲಿ ಕೊಲೆ ಕೇಸು ಇದಕ್ಕಿಂತ ಬೇಗ ಮುಗಿದದ್ದು ನೋಡಿದೀನಿ."

ಎಲ್ಲರೂ ತಿರುಗಿದರು. ಮಾವ ಬಾಯಿ ಮುಚ್ಚಿಕೊಂಡರು. ಗೊತ್ತಾಯ್ತಪ್ಪ ಕಂಬ ಹಿಡಿದುಕೊಂಡ. ಅವನ ಹೆಂಡತಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ಸಾದಾ ಶರಟಿನವರು ಕೈ ಎತ್ತಿದರು. "ನಿರ್ದೇಶಕರೇ, ಕಾಯಬೇಡಿ. ನಾನು ಮೂರು ಗಂಟೆಗೇ ಬಂದಿದೀನಿ."

ಅವರೇ ಮೇಯರ್. ಆಯ್ಕೆಯಾಗಿ ಮೂರು ವಾರವಷ್ಟೇ ಆಗಿತ್ತು, ಮುಖ ಯಾರಿಗೂ ಪರಿಚಯವಿರಲಿಲ್ಲ. ಎರಡು ವರ್ಷದ ಹಿಂದೆ ಅವರ ಮನೆಯ ನಲ್ಲಿಯಲ್ಲಿ ಕೆಂಪು ನೀರು ಬಂದದ್ದಕ್ಕೆ ಒಂದು ಅರ್ಜಿ ಕೊಟ್ಟಿದ್ದರು. ಅವರು ಮುಂದೆ ಹೆಜ್ಜೆ ಇಟ್ಟರು. ಕಾವಲುಗಾರ ಕೈ ಅಡ್ಡ ಹಿಡಿದ.

"ಹದಿನೆಂಟನೇ ಸಾಲಿನವರು ಮುಂದೆ ಹೋಗೋ ಹಾಗಿಲ್ಲ ಸಾರ್."

ನಿರ್ದೇಶಕರು ಬೆನ್ನು ನೋವು ಮರೆತು ಓಡಿಬಂದರು. ಮೇಯರ್ ವೇದಿಕೆ ಹತ್ತಿ, ಮೊದಲು ಸೋಫಾದ ಕಡೆ ನೋಡಿದರು.

"ಇವರು ಯಾರು? ಯಾಕೆ ಒಬ್ಬರೇ?"

"ದೂರೇ ಇಲ್ಲದ ಗ್ರಾಹಕರು ಸಾರ್," ಎಂದರು ನಿರ್ದೇಶಕರು, ಸಿಕ್ಕ ಹಗ್ಗ ಹಿಡಿದುಕೊಂಡು. "ಲಾಂಡ್ರಿ ನಡೆಸ್ತಾರೆ."

"ಲಾಂಡ್ರಿಗೆ ನೀರು ತುಂಬ ಬೇಕಲ್ಲ. ಯಾವತ್ತೂ ನಿಂತಿಲ್ವಾ?"

ಲಾಂಡ್ರಿ ಮಾಲೀಕ ಎದ್ದು ನಿಂತ. ಪಾಪ, ಒಬ್ಬನೇ ಕೂತು ಕೂತು ಅವನ ಧೈರ್ಯ ಪೂರ್ತಿ ಬತ್ತಿಹೋಗಿತ್ತು. "ಇಲ್ಲ ಸಾರ್. ದೊಡ್ಡ ಪೈಪು ನಮ್ಮ ಗೋಡೆ ಕೆಳಗೇ ಹೋಗುತ್ತೆ. ಮೀಟರಿನವರಿಗೆ ತೊಂದರೆ ಯಾಕೆ ಅಂತ ನಾವೇ ಅದರಿಂದ ಕನೆಕ್ಷನ್ ಹಾಕಿಸಿಕೊಂಡ್ವಿ."

ಹದಿನೆಂಟನೇ ಸಾಲಿನಿಂದ ಎದ್ದ ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು. ನಿರ್ದೇಶಕರು ಮಾತ್ರ ನಗಲಿಲ್ಲ.

"ಈ ಕೂರಿಸುವ ವ್ಯವಸ್ಥೆ ಮಾಡಿದ್ದು ಯಾರು?" ಎಂದು ಮೇಯರ್ ಕೇಳಿದರು.

ಉಪನಿರ್ದೇಶಕರು ಲೆಕ್ಕಪತ್ರದವರನ್ನು ನೋಡಿದರು, ಅವರು ಪಂಪ್ ವಿಭಾಗದವರನ್ನು ನೋಡಿದರು. ಒಂದು ವಾರ ಆ ಹಾಳೆಯ ಮೇಲೆ ಬಿದ್ದು ಹೊರಳಾಡಿದವರಲ್ಲಿ ಒಬ್ಬರಿಗೂ ಅದರ ನೆನಪಿರಲಿಲ್ಲ. ಗೊತ್ತಾಯ್ತಪ್ಪ ಕಂಬ ಬಿಟ್ಟು ನಡೆದುಬಂದ. ಅವನು ಸುಮ್ಮನಿದ್ದಿದ್ದರೂ ನಡೆಯುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಅವನಿಗೆ ಕಳೆದುಕೊಳ್ಳುವ ಭಯ ಹೋಗಿತ್ತೆಂದು ಕಾಣುತ್ತದೆ. ಮೈಕಿನ ಮುಂದೆ ನೇರ ನಿಂತ.

"ನಾನು ಸಾರ್. ತಪ್ಪು ನನ್ನದೇ. ಹಾಳೆಯಲ್ಲಿ ಮೇಲೆ ಬರೆದರೆ ಮೇಲು ಅಂದ್ಕೊಂಡಿದ್ದೆ. ಎರಡು ನಿಯಮ ಸಮಸಮ ಬಂದ್ರೆ ಅದು ಕೊನೇದನ್ನ ಹಿಡಿಯುತ್ತೆ. ಯಾರ ಶಿಫಾರಸೂ ಕೇಳಲ್ಲ. ಮೇಡಂ ಹೇಳಿದ್ರು, ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ದೂರಿನವರನ್ನ ಎಲ್ಲಕ್ಕಿಂತ ಕೆಳಗೆ ಹಾಕಿದ್ದೆ, ಅದಕ್ಕೇ ಅವರು ಎಲ್ಲರನ್ನೂ ಗೆದ್ದುಬಿಟ್ರು."

"ಅಂದ್ರೆ ನಿಮ್ಮ ಹಾಳೆಯಲ್ಲಿ ಅಧಿಕಾರಿಗಿಂತ, ಅಧಿಕಾರಿಯ ನೆಂಟನಿಗಿಂತ, ನನಗಿಂತ, ದೂರು ಕೊಟ್ಟವನೇ ದೊಡ್ಡವನು?"

"ಹೌದು ಸಾರ್. ನಾಳೆಯೇ ತಿದ್ತೀನಿ."

"ತಿದ್ದಬೇಡಿ," ಎಂದರು ಮೇಯರ್. "ಐವತ್ತು ವರ್ಷದಲ್ಲಿ ಈ ಕಚೇರಿ ದೂರುಗಳನ್ನ ಓದಿ ಮಾಡಿದ ಕೆಲಸ ಇದೊಂದೇ. ನಾಳೆಯಿಂದ ಆ ಪುಸ್ತಕಗಳನ್ನ ಇವರೇ ನೋಡಿಕೊಳ್ಳಲಿ. ಹಿಂದೆ ಒಬ್ಬರು ಹಿರಿಯರು ನನ್ನ ಕಿವಿಗೆ ಒಂದು ದೂರು ಹಾಕಿದಾರೆ. ಮೊದಲು ಅದು ಮುಗೀಲಿ. ಆ ಕಡತ ಎಲ್ಲಿದೆ?"

"ಕಚೇರಿಯಲ್ಲಿದೆ ಸಾರ್, ಸೋಮವಾರ..." ಎಂದರು ನಿರ್ದೇಶಕರು.

"ಕಚೇರಿ ಈ ಸಭಾಂಗಣದ ಕೆಳಗಿನ ಮಹಡಿಯಲ್ಲೇ ಇದೆಯಲ್ಲ."

ಓಡಿದವನು ನಾನು. ನಿರ್ದೇಶಕರ ಮೇಜಿನ ಎಡಗಡೆ ಕಟ್ಟಿನಲ್ಲಿ, ಕ್ಯಾಲೆಂಡರಿನ ಅಡಿಯಲ್ಲಿ ಸಿಕ್ಕಿತು. ಮುನ್ನೂರು ಜನರ ಎದುರಿಗೆ ನಿರ್ದೇಶಕರು ಸಹಿ ಹಾಕಿದರು. ಮೇಯರ್ ಕಾಗದವನ್ನು ಗೊತ್ತಾಯ್ತಪ್ಪನ ಕೈಗೆ ಕೊಟ್ಟರು. ಅವನು ಅದನ್ನು ಓದಲೇ ಇಲ್ಲ, ನೇರವಾಗಿ ಹಿಂದಕ್ಕೆ ನಡೆದ. ಜನ ದಾರಿ ಬಿಟ್ಟರು. ಮಾವನ ಮುಂದೆ ನಿಂತು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಅವನ ಕಣ್ಣು ತುಂಬಿ ಬಂದಿತ್ತು, ನನ್ನದೂ ಸ್ವಲ್ಪ ಹಾಗೆಯೇ ಇತ್ತು ಎಂದು ಹೇಳಲು ನಾಚಿಕೆಯೇನಿಲ್ಲ.

ಮಾವ ಕನ್ನಡಕ ಹಾಕಿಕೊಂಡರು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬೆರಳಿಟ್ಟು ಓದಿದರು. ತಿರುಗಿಸಿ ಹಿಂಬದಿಯನ್ನೂ ನೋಡಿದರು. ಆಮೇಲೆ ಕಾಗದ ಹಿಡಿದು ತಾವೇ ವೇದಿಕೆಯ ಕಡೆ ಹೊರಟರು. ಕಾವಲುಗಾರ ಅಡ್ಡ ಬಂದ. ಅವನ ಕೈಯನ್ನು ಪಕ್ಕಕ್ಕೆ ಸರಿಸಿ, ನಿರ್ದೇಶಕರ ಮುಂದೆ ಕಾಗದ ಇಟ್ಟರು.

"ತಾರೀಕು ಹಾಕಿಲ್ಲ, ಮೊಹರೂ ಒತ್ತಿಲ್ಲ. ಸರಿ ಮಾಡಿಕೊಡಿ. ನಮ್ಮ ಅಳಿಯಂದಿರು ಇವತ್ತು ಮನೆಗೆ ನನ್ನ ಜೊತೆ ಬರಬೇಕು, ಊಟಕ್ಕೆ ಹೊತ್ತಾಗುತ್ತೆ."